ಮೌಂಟ್ ಬೋರ್ಡಿನಲ್ಲಿ ಕಾಂಚನಜುಂಗಾ

ಮುಂಬೈನ ಕಂಬಾಲಾ ಹಿಲ್‌ನಲ್ಲಿರುವ ಕಾಂಚನಜುಂಗಾ ವಸತಿ ಗೋಪುರದ ಮಾದರಿಯನ್ನು ನನ್ನ ವಾಸ್ತುಶಿಲ್ಪ ತರಗತಿಗಾಗಿ 1:100ರ ಅಳತೆಯಲ್ಲಿ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನಿಂದ ಮಾಡಲು ಹೊರಟಾಗ, ಪ್ರಕಟವಾಗಿರುವ ನಕ್ಷೆಗಳೇ ನನಗೆ ಆಧಾರವಾಗಿದ್ದವು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಈ ಕಟ್ಟಡದ ವಿನ್ಯಾಸ 1970ರಲ್ಲಿ ಆರಂಭವಾಯಿತು, ಕಟ್ಟಡ 1983ರಲ್ಲಿ ಮುಗಿಯಿತು. ಬೆಂಗಳೂರಿನ ವಿಶ್ವೇಶ್ವರಯ್ಯ ಗೋಪುರವೂ ಅವರದೇ ವಿನ್ಯಾಸವಾದ್ದರಿಂದ ನಮ್ಮ ವಿದ್ಯಾರ್ಥಿಗಳಿಗೆ ಅವರ ಹೆಸರು ಹೊಸದಲ್ಲ.

ಅಳತೆಗಳು ಮೇಲ್ನೋಟಕ್ಕೆ ಸರಳವಾಗಿವೆ. 21 ಮೀಟರ್ ಚೌಕದ ತಳದ ಮೇಲೆ 84 ಮೀಟರ್ ಎತ್ತರ. 28 ಮಹಡಿಗಳಿಗೆ ಹಂಚಿದರೆ ಸರಾಸರಿ ಮೂರು ಮೀಟರ್, ಅಂದರೆ ಮಾದರಿಯಲ್ಲಿ ಮೂರು ಸೆಂಟಿಮೀಟರ್. ಆದರೂ ಒಂದೇ ಬಗೆಯ 28 ಚೌಕಗಳನ್ನು ಕತ್ತರಿಸಿ ಪೇರಿಸಿದರೆ ಕಾಂಚನಜುಂಗಾ ಆಗುವುದಿಲ್ಲ. ಅಲ್ಲಿರುವ 32 ಮನೆಗಳು ನಾಲ್ಕು ಬಗೆಯವು, ಮೂರು ಮಲಗುವ ಕೋಣೆಗಳಿಂದ ಆರರವರೆಗೆ ಇರುವಂಥವು; ಮನೆಯೊಳಗೇ ನೆಲದ ಮಟ್ಟ ಏರಿಳಿಯುತ್ತದೆ, ಒಂದು ಮನೆ ಬಿಟ್ಟ ಜಾಗದೊಳಕ್ಕೆ ಇನ್ನೊಂದು ಬಂದು ಕೂರುತ್ತದೆ. ಹಾಗಾಗಿ ಮಹಡಿಯನ್ನು ಮೇಲಿನಿಂದ ತೋರಿಸುವ ಪ್ಲಾನುಗಳನ್ನು ಬದಿಗಿರಿಸಿ, ಕಟ್ಟಡವನ್ನು ನೆಟ್ಟಗೆ ಸೀಳಿದಂತೆ ಒಳಗನ್ನು ತೋರಿಸುವ ಸೆಕ್ಷನ್ ನಕ್ಷೆಯಲ್ಲಿ ಒಂದೊಂದು ಬಗೆಯ ಮನೆಗೂ ಒಂದೊಂದು ಬಣ್ಣ ಬಳಿದು, ಅದನ್ನು ನೋಡಿಕೊಂಡೇ ಬೋರ್ಡ್ ಕತ್ತರಿಸಿದೆ.

ಮೂಲೆಗಳಲ್ಲಿರುವ ಎರಡು ಮಹಡಿ ಎತ್ತರದ ತೆರೆದ ಉದ್ಯಾನ ಜಗಲಿಗಳಿಗೆ ಮುಂಬೈನ ಹವೆಯೇ ಕಾರಣ. ಅಲ್ಲಿ ಮನೆ ಪೂರ್ವ–ಪಶ್ಚಿಮಕ್ಕೆ ಮುಖ ಮಾಡಿದರೆ ಕಡಲ ಗಾಳಿಯೂ ಸಿಗುತ್ತದೆ, ನಗರದ ಒಳ್ಳೆಯ ನೋಟವೂ ಸಿಗುತ್ತದೆ. ಆದರೆ ಸಂಜೆಯ ಬಿಸಿಲು ಮತ್ತು ಮುಂಗಾರಿನ ಇರಚಲು ನುಗ್ಗುವುದೂ ಅದೇ ದಿಕ್ಕುಗಳಿಂದ. ಹಳೆಯ ಬಂಗಲೆಗಳು ವಾಸದ ಕೋಣೆಗಳ ಸುತ್ತ ವೆರಾಂಡ ಕಟ್ಟಿಕೊಂಡು ಇದನ್ನು ನಿಭಾಯಿಸುತ್ತಿದ್ದವು. ಕೊರಿಯಾ ಆ ವೆರಾಂಡವನ್ನೇ ಗೋಪುರದ ಮೂಲೆಗೆ ತಂದರು. ಇಂಥ ಸೌಕರ್ಯ ಸಿಕ್ಕಿದ್ದು ಬರೀ 32 ಸಿರಿವಂತ ಕುಟುಂಬಗಳಿಗೆ ಎಂಬುದು ನನಗೆ ಸದಾ ಕೊರೆಯುವ ಮಾತು, ಏಕೆಂದರೆ 1960ರ ದಶಕದಲ್ಲಿ ವಾಸ್ತುಶಿಲ್ಪಿ ಪ್ರವೀಣಾ ಮೆಹ್ತಾ ಅವರೊಡಗೂಡಿ, ಬಡವರೂ ಸೇರಿದಂತೆ ಎಲ್ಲರಿಗೂ ನೆಲೆಯಾಗಬೇಕಿದ್ದ ಹೊಸ ನಗರ ನವ ಮುಂಬೈಯ ಯೋಜನೆಯನ್ನು ಮುಂದಿಟ್ಟವರೂ ಇದೇ ಕೊರಿಯಾ ಮತ್ತು ಈ ಗೋಪುರದ ಸ್ಟ್ರಕ್ಚರಲ್ ಎಂಜಿನಿಯರ್ ಶಿರೀಷ್ ಪಟೇಲ್.

ಕಟ್ಟಿದ ಕ್ರಮವನ್ನು ಅನುಸರಿಸದೆ ಈ ಮೂಲೆಗಳು ಮಾದರಿಯಲ್ಲಿ ನಿಲ್ಲುವುದಿಲ್ಲ. ಲಿಫ್ಟುಗಳಿರುವ ನಡುವಿನ ಕಾಂಕ್ರೀಟ್ ಕೋರ್ ಅನ್ನು ಸ್ಲಿಪ್‌ಫಾರ್ಮ್ ವಿಧಾನದಲ್ಲಿ ಉಳಿದ ಕಟ್ಟಡಕ್ಕಿಂತ ಮುಂಚಿತವಾಗಿ ಎತ್ತರಿಸಲಾಗಿತ್ತು. ಈ ವಿಧಾನದಲ್ಲಿ ಮಹಡಿ ಮಹಡಿಗೂ ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಬಿಚ್ಚಿ ಮತ್ತೆ ಕಟ್ಟುವ ಕೆಲಸವಿಲ್ಲ. ಕಾಂಕ್ರೀಟ್ ಸುರಿಯುತ್ತಿದ್ದಂತೆ, ಕೆಳಗಿನ ಭಾಗ ತನ್ನ ಆಕಾರ ಹಿಡಿದು ನಿಲ್ಲುವಷ್ಟು ಗಟ್ಟಿಯಾದ ಹಾಗೆಲ್ಲ, ಜಾಕ್‌ಗಳು ಶಟರಿಂಗನ್ನು ನಿಧಾನವಾಗಿ ಮೇಲಕ್ಕೆ ಸರಿಸುತ್ತಾ ಹೋಗುತ್ತವೆ. ಗಾಳಿಯ ಅಡ್ಡ ಒತ್ತಡವನ್ನು ಮುಖ್ಯವಾಗಿ ತಡೆಯುವುದು ಈ ಕೋರ್. ನಾನೂ ಮೊದಲು ಕೋರನ್ನು ಒಂದೇ ಕೊಳವೆಯಾಗಿ ಅಂಟಿಸಿ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಸ್ಲ್ಯಾಬುಗಳನ್ನು ಅದಕ್ಕೆ ಕಚ್ಚಿಸುತ್ತಾ ಕೆಳಗಿನಿಂದ ಮೇಲೆ ಬಂದೆ. ಜಗಲಿಯ ಸ್ಲ್ಯಾಬು 6.3 ಮೀಟರಿನಷ್ಟು ಕ್ಯಾಂಟಿಲಿವರ್ ಆಗಿ ಹೊರಚಾಚಿದೆ, ತುದಿಯಲ್ಲಿ ಪಿಲ್ಲರ್ ಇಲ್ಲ. ಮಾದರಿಯಲ್ಲಿ 6.3 ಸೆಂಟಿಮೀಟರಿನ ಆ ತುಂಡು ಬಾಗದಂತೆ, ಬೋರ್ಡಿನ ಎಳೆ ಚಾಚಿನ ಉದ್ದಕ್ಕೇ ಬರುವಂತೆ ಕತ್ತರಿಸಿಕೊಳ್ಳಬೇಕು.

ಆ ತುಂಡು ಬಾಗದೆ ನಿಂತಿತೆಂದು ನಿಜವಾದ ಕಟ್ಟಡದ ಬಲದ ಬಗ್ಗೆ ತೀರ್ಮಾನಕ್ಕೆ ಬರಬಾರದು. ಅಳತೆ ನೂರು ಪಟ್ಟು ಹಿಗ್ಗಿದಾಗ ತೂಕ ಹತ್ತು ಲಕ್ಷ ಪಟ್ಟು ಏರುತ್ತದೆ; ಅದನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣ ಏರುವುದು ಹತ್ತು ಸಾವಿರ ಪಟ್ಟು ಮಾತ್ರ. ಪಶ್ಚಿಮದ ಗೋಡೆಯನ್ನು ನಾನು ಅಂಟಿಸಿಲ್ಲ. ಅದನ್ನು ಕಳಚಿದರೆ ನಾಲ್ಕು ಬಗೆಯ ಮನೆಗಳು ಒಂದರೊಳಗೊಂದು ಕೂತಿರುವುದನ್ನು ವಿದ್ಯಾರ್ಥಿಗಳು ನೋಡಬಹುದು.