ಸ್ಪೈರೋಮೆಟ್ರಿ: ಊದುವವರಷ್ಟೇ ಊದಿಸುವವರೂ ಮುಖ್ಯ

ಮಂಡ್ಯದ ಕಡೆ ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆ ಹಾಕಿ ವರ್ಷಗಟ್ಟಲೆ ಹೊಗೆ ಕುಡಿದವರು, ಸೌದೆ ಒಲೆ ಮುಂದೆಯೇ ವಯಸ್ಸು ಕಳೆದ ಅಜ್ಜಿಯರು, 'ನಾಲ್ಕು ಹೆಜ್ಜೆ ಹಾಕಿದರೆ ದಮ್ಮು ಕಟ್ಟುತ್ತೆ' ಅಂತ ಮೊದಲು ಬರುವುದು ಬೀದಿಯ ಕ್ಲಿನಿಕ್ಕಿಗೇ. ಡಾಕ್ಟರು ಸ್ಪೈರೋಮೆಟ್ರಿ (ಮೆಷಿನ್‌ಗೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಬರೆದರೂ ಊದಿಸುವವರು ನೀವು, ಸಿಸ್ಟರ್ ಅಥವಾ ಕಾಂಪೌಂಡರ್. ರೋಗಿ ಅರ್ಧಕ್ಕೇ ನಿಲ್ಲಿಸಿದರೆ ಇರುವ ಕಾಯಿಲೆಯೇ ಕಾಣದೆ ಹೋಗಬಹುದು.

ಬೆಳಿಗ್ಗೆ ಮೊದಲ ಕೆಲಸ, 3 ಲೀಟರ್ ಸಿರಿಂಜ್‌ನಿಂದ ಮೆಷಿನ್ ಪರೀಕ್ಷೆ. ನಿಧಾನ, ಮಧ್ಯಮ, ಜೋರು, ಹೇಗೆ ತಳ್ಳಿದರೂ 2.91ರಿಂದ 3.09ರ ಒಳಗೆ ತೋರಿಸಬೇಕು.

ರೋಗಿ ಬಂದಾಗ ಕೇಳಿ: ಇತ್ತೀಚೆಗೆ ಹಾರ್ಟ್ ಅಟ್ಯಾಕ್, ಕಣ್ಣಿನ ಆಪರೇಷನ್ ಆಗಿದೆಯಾ? ಕಫದಲ್ಲಿ ರಕ್ತ ಬರುತ್ತಾ? ಹೌದು ಅಂದರೆ ಡಾಕ್ಟರಿಗೆ ಹೇಳದೆ ಮುಂದುವರಿಯಬೇಡಿ. ಇನ್‌ಹೇಲರ್ ಎಷ್ಟು ಹೊತ್ತಿಗೆ ತೆಗೆದುಕೊಂಡರು ಅಂತ ಬರೆದುಕೊಳ್ಳಿ. ಎತ್ತರವನ್ನು ಸುಮ್ನೆ ಬಾಯಲ್ಲಿ ಕೇಳಬೇಡಿ, ಚಪ್ಪಲಿ ಬಿಡಿಸಿ ಅಳೆಯಿರಿ. ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿಯೇ ಅವರು ಎಷ್ಟು ಊದಬೇಕಿತ್ತು ಅಂತ ಮೆಷಿನ್ ಲೆಕ್ಕ ಹಾಕುವುದು. ಬೆನ್ನು ಬಾಗಿದ್ದರೆ ಎರಡೂ ಕೈ ಚಾಚಿಸಿ ಆ ಅಳತೆ ತೆಗೆದುಕೊಳ್ಳಿ.

ಈಗ ಊದುವುದು. ಚಕ್ರವಿಲ್ಲದ ಕುರ್ಚಿ, ಪಾದ ಎರಡೂ ನೆಲಕ್ಕೆ, ಮೂಗಿಗೆ ಕ್ಲಿಪ್, ಒಬ್ಬೊಬ್ಬರಿಗೂ ಹೊಸ ಮೌತ್‌ಪೀಸ್. ಮೊದಲು ನೀವೇ ಮಾಡಿ ತೋರಿಸಿ. ಅಜ್ಜಿಯರಿಗೆ ಊದು ಅಂದರೆ ಊದುಗೊಳವೆ ನೆನಪಾಗುತ್ತದೆ, ಅಲ್ವಾ? ಕೆನ್ನೆ ಉಬ್ಬಿಸಿ ಫೂ ಫೂ ಅಂತ ಬಿಟ್ಟು ಬಿಟ್ಟು ಊದುತ್ತಾರೆ. 'ಹಾಗಲ್ಲ ಅಜ್ಜಿ, ಕೊಳವೆ ಹಲ್ಲಿನ ನಡುವೆ ಇರಲಿ, ತುಟಿ ಬಿಗಿ ಮಾಡಿ, ನಾಲಿಗೆ ಅಡ್ಡ ತರಬೇಡಿ' ಅನ್ನಿ. ಎದೆ ತುಂಬಾ ಉಸಿರು ಎಳೆದ ತಕ್ಷಣ ಒಂದೇ ಏಟಿಗೆ ಊದಬೇಕು. ನಿಮ್ಮ ದನಿ ಇಲ್ಲಿ ಏರಲಿ: 'ಊದಿ, ಊದಿ, ಇನ್ನೂ ಇದೆ, ಬಿಡಬೇಡಿ!' ಕಣ್ಣು ಒಮ್ಮೆ ಪರದೆ ಮೇಲೆ, ಒಮ್ಮೆ ಅವರ ಮುಖದ ಮೇಲೆ. ಗೆರೆ ಮಟ್ಟಸವಾಗುವ ತನಕ ಅಥವಾ 15 ಸೆಕೆಂಡ್ ಊದಿಸಿ. ಮೊದಲ ಸೆಕೆಂಡಿನಲ್ಲೇ ಕೆಮ್ಮಿದರೆ ಅದು ಲೆಕ್ಕಕ್ಕಿಲ್ಲ. ತಲೆ ಸುತ್ತಿದರೆ ನಿಲ್ಲಿಸಿ, ಸುಧಾರಿಸಿಕೊಳ್ಳಲಿ.

ಮೂರು ಒಳ್ಳೆ ಊದು ಬೇಕು. ಅದರಲ್ಲಿ ಚೆನ್ನಾಗಿರುವ ಎರಡರ ನಡುವೆ 150 ಮಿ.ಲೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ದೊಡ್ಡವರಿಗೆ ಎಂಟು ಸಲಕ್ಕಿಂತ ಹೆಚ್ಚು ಬೇಡ, ಇನ್ನೊಂದು ದಿನ ಕರೆಯಿರಿ. ಡಾಕ್ಟರು ಹೇಳಿದ್ದರೆ ಸ್ಪೇಸರ್‌ನಲ್ಲಿ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ ಡಬ್ಬಿ) ಉಸಿರುನಾಳ ಸಡಿಲಿಸುವ ಸಾಲ್ಬ್ಯುಟಮಾಲ್ 4 ಪಫ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸಿ.

ರಿಪೋರ್ಟ್ ಜೊತೆ ಎರಡು ಸಾಲು ಬರೆದಿಡಿ: 'ಎರಡನೇ ಸಲ ಕೆಮ್ಮಿದರು, ಕೊನೆಯ ಮೂರೂ ಪೂರ್ತಿ ಊದಿದರು.' ಡಾಕ್ಟರು ಗೆರೆ ನೋಡುವ ಮೊದಲು ಅದನ್ನು ಓದಲಿ.