ಗೋಡೆ ಅವ್ವನದು, ಬುಟ್ಟಿ ನನ್ನದು

ನಾವು ಮಲೆನಾಡಿನ ದೀವರು. ಗೋಡೆಗೆ, ಬುಟ್ಟಿಗೆ ಬರೆಯುವ ಚಿತ್ತಾರವನ್ನು ನಮ್ಮ ಮನೆಗಳಲ್ಲಿ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಅವ್ವ ಬರೆಯುವಾಗ ಬಣ್ಣದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತರೆ ಅದೇ ಪಾಠ. ಸಾಗರದ ಸುತ್ತಿನ ಊರುಗಳಲ್ಲಿ ಮದುವೆಯ ಹಸೆಗೋಡೆಗೆ, ಅಂದರೆ ಮದುಮಕ್ಕಳು ಕೂರುವಲ್ಲಿನ ಚಿತ್ತಾರದ ಗೋಡೆಗೆ, ನನ್ನವ್ವನೇ ಆಗಬೇಕಿತ್ತು. ದಾರ ಹಿಡಿಯದೆ, ಬರೀ ಕಣ್ಣಳತೆಯಲ್ಲಿ ಗೋಡೆಯುದ್ದಕ್ಕೂ ಎಳೆ ಬರೆಯುತ್ತಿದ್ದಳು. ಅವಳು ಹೋದ ಮೇಲೆ ಅದೇ ಮನೆಗಳು ನನ್ನನ್ನು ಕರೆದವು. ಹೋಗಿ ಬರೆದೆ. "ಥೇಟ್ ಅವ್ವನದೇ ಕೈ" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಕುಂಚ ಹಿಡಿದಷ್ಟು ಹೊತ್ತು ಅವಳು ಜೊತೆಗಿದ್ದಂತೆ ನನಗೂ ಅನಿಸುತ್ತಿತ್ತು. ಆದರೆ ಮನೆಗೆ ಬಂದರೆ ಏನನ್ನೂ ಬರೆಯುವ ಆಸೆ ಹುಟ್ಟುತ್ತಿರಲಿಲ್ಲ.

ಆಸೆ ಹುಟ್ಟಿಸಿದ್ದು ಭೂಮಿ ಹುಣ್ಣಿಮೆಯ ಬುಟ್ಟಿ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತಕ್ಕೆ ಹೊಡೆ ಬಂದಿರುತ್ತದೆ, ತೆನೆ ಇನ್ನೂ ಒಳಗೇ ಇರುತ್ತದೆ. ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು. ಮಾಡಿದ ಅಡುಗೆಯನ್ನು ಚಿತ್ತಾರದ ಬುಟ್ಟಿಯಲ್ಲಿಟ್ಟು ಗದ್ದೆಗೆ ಹೊರುತ್ತೇವೆ. ಅವ್ವ ಗೋಡೆಯವಳು, ಬುಟ್ಟಿಯನ್ನು ಸೋದರತ್ತೆಗೆ ಬಿಡುತ್ತಿದ್ದಳು. ಅವ್ವ ತೀರಿದ ವರ್ಷ ನಮಗೆ ಹಬ್ಬವಿರಲಿಲ್ಲ. ಮರುವರ್ಷದ ಹೊತ್ತಿಗೆ ಅತ್ತೆಯ ಕಣ್ಣು ಮಂಜಾಗಿತ್ತು. ವಿಜಯದಶಮಿಯಿಂದ ಹುಣ್ಣಿಮೆಗೆ ಐದೇ ದಿನ. ಬುಟ್ಟಿ ನನ್ನ ಮಡಿಲಿಗೆ ಬಂತು.

ಬಿದಿರಿನ ಹೆಣಿಗೆಯ ಸಂದು ಮುಚ್ಚುವಂತೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದೆ. ಈ ಬಿಳಿ ತೆಳುವಾದರೆ ಹರಡುತ್ತದೆ, ಗಟ್ಟಿಯಾದರೆ ಒಣಗಿ ಉದುರುತ್ತದೆ. ಹಸಿಯಿದ್ದಾಗ ಗೆರೆ ಸರಿಯಾಗಿ ಕಾಣುವುದೂ ಇಲ್ಲ. ಆರಿದ ಮೇಲೆಯೇ ಬಿಳುಪು ಏಳುತ್ತದೆ. ಕೈಯನ್ನು ನಂಬಿ ಬರೆಯಬೇಕು. ಪುಂಡಿ ನಾರಿನ ಕುಂಚ ಅದ್ದಿ, ಅವ್ವ ಗೋಡೆಗೆ ಬರೆಯುತ್ತಿದ್ದ ಎಳೆಗಳನ್ನೇ ಬುಡದಿಂದ ಮೇಲಕ್ಕೆ ಬರೆಯತೊಡಗಿದೆ. ಬುಟ್ಟಿಯ ಬುಡ ಕಿರಿದು, ಬಾಯಿ ಅಗಲ. ಮೇಲೆ ಹೋದಂತೆ ಎಳೆಗಳು ಒಂದರಿಂದೊಂದು ದೂರ ಸರಿದು ನಡುವೆ ಮುಮ್ಮೂಲೆಯ ಕೆಂಪು ಜಾಗ ಉಳಿಯಿತು. ಚಪ್ಪಟೆ ಗೋಡೆಯ ಲೆಕ್ಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವ್ವ ಇಲ್ಲಿ ಏನು ಮಾಡುತ್ತಿದ್ದಳು ಎಂದು ನೆನೆಯಲು ಹೋದರೆ ನೆನಪೇ ಇಲ್ಲ, ಏಕೆಂದರೆ ಅವಳು ಬುಟ್ಟಿ ಬರೆದವಳೇ ಅಲ್ಲ. ಅವಳು ಹೋದ ಮೇಲೆ ಮೊದಲ ಸಲ ನನ್ನಷ್ಟಕ್ಕೆ ನಾನೇ ಯೋಚಿಸಿದೆ. ಕೆಂಪು ಜಾಗಗಳಲ್ಲಿ ಓರೆಯಾದ ಸಣ್ಣ ಗೆರೆಗಳನ್ನು ಜೋಡಿಯಾಗಿ ಏರಿಸಿದೆ, ಗರಿ ಬಿಡಿಸಿಕೊಂಡು ಹೊರಬರುವ ಭತ್ತದ ತೆನೆಯ ಹಾಗೆ. ಬುಡದಲ್ಲಿ ಒತ್ತಾಗಿ, ಬಾಯಿಯ ಬಳಿ ಬಿಡಿಬಿಡಿಯಾಗಿ. ರಾತ್ರಿ ಎಷ್ಟಾಯಿತೆಂದೇ ತಿಳಿಯಲಿಲ್ಲ.

ಅತ್ತೆ ಬುಟ್ಟಿಯನ್ನು ಮುಖದ ಹತ್ತಿರ ಹಿಡಿದು, "ಇದನ್ನು ಎಲ್ಲಿ ನೋಡಿದ್ದೆ?" ಎಂದು ಕೇಳಿದರು. ಎಲ್ಲಿಯೂ ಇಲ್ಲ ಎಂದೆ.

ಹಾಗಾಗಿ, ಹೆತ್ತವರ ಕಲೆ ಹಿಡಿದು ಒಳಗೇ ಒಣಗಿದವರು ಕೇಳಿದರೆ ನಾನು ಹೇಳುವುದಿಷ್ಟು: ಹೆತ್ತವರು ಕೈಯಿಡದ ಮೂಲೆಯೊಂದು ಅದೇ ಕಸುಬಿನೊಳಗೆ ಇರುತ್ತದೆ, ಅಲ್ಲಿಂದ ಶುರುಮಾಡಿ. ಅವರ ಸಾಮಾನನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಅವ್ವನ ಬಟ್ಟಲಿನಲ್ಲೇ ನಾನು ಬಿಳಿ ಕಲಸುತ್ತೇನೆ.

ಮದುವೆಗೆ ಕರೆದರೆ ಈಗಲೂ ಹೋಗುತ್ತೇನೆ. ಹಸೆಯ ನಡುಭಾಗವನ್ನು ಅವ್ವನ ಲೆಕ್ಕದಲ್ಲಿಯೇ ಬರೆಯುತ್ತೇನೆ. ಅದನ್ನು ಬದಲಿಸುವ ಮನಸ್ಸು ನನಗಿಲ್ಲ. ಅಂಚಿಗೆ ಮಾತ್ರ ಬುಟ್ಟಿಯ ತೆನೆ ಏರಿಸುತ್ತೇನೆ, ಹುರಿದು ಕಪ್ಪಾಗಿಸಿದ ಅಕ್ಕಿಯ ಬಣ್ಣದಲ್ಲಿ. ಗುರಿಗೆ ಕಾಯಿಯ ಹಳದಿಯಲ್ಲಿ ಅದು ಹೇಗೆ ಕಾಣುತ್ತದೆಯೋ ನೋಡಬೇಕು. ಕಾಯಿ ಸಿಕ್ಕಿದೆ, ಇನ್ನೂ ಅರೆದಿಲ್ಲ.