ಸುದ್ದಿ ತಾನಾಗಿ ಬರಲಿ: ವೆಬ್ ಫೀಡ್ ಬಳಸುವುದು ಹೇಗೆ?

ಮೆಚ್ಚಿನ ಹತ್ತು ಜಾಲತಾಣಗಳಲ್ಲಿ ಹೊಸತೇನು ಬಂದಿದೆ ಎಂದು ದಿನವೂ ಒಂದೊಂದನ್ನೇ ತೆರೆದು ನೋಡುವುದು ದಣಿಸುವ ಕೆಲಸ. ಸಾಮಾಜಿಕ ಮಾಧ್ಯಮವನ್ನು ನೆಚ್ಚಿಕೊಂಡರೆ, ಯಾವುದು ಮೊದಲು ಕಾಣಬೇಕೆಂದು ಅದೇ ತೀರ್ಮಾನಿಸುತ್ತದೆ. ಈ ಎರಡಕ್ಕೂ 1999ರಲ್ಲೇ ಹುಟ್ಟಿದ ಉಪಾಯವೊಂದಿದೆ: ವೆಬ್ ಫೀಡ್. ತಾಣವು ತನ್ನ ಇತ್ತೀಚಿನ ಬರಹಗಳ ಶೀರ್ಷಿಕೆ, ಕೊಂಡಿ, ಸಾರಾಂಶಗಳನ್ನು ಒಂದು ಕಡತದಲ್ಲಿ ಬರೆದಿಡುತ್ತದೆ; ಫೀಡ್ ರೀಡರ್ ಎಂಬ ತಂತ್ರಾಂಶ ಆಗಾಗ ಅದನ್ನು ಓದಿ ಹೊಸದನ್ನು ನಿಮ್ಮ ಮುಂದಿಡುತ್ತದೆ. ಆರ್‌ಎಸ್‌ಎಸ್, ಆಟಮ್ ಎಂಬುವು ಆ ಕಡತದ ಎರಡು ಬಗೆಗಳು. ರೀಡರ್‌ಗಳಿಗೆ ಎರಡೂ ತಿಳಿಯುತ್ತವೆ, ನಮಗೆ ಆ ಚಿಂತೆ ಬೇಡ.

ಮೊದಲು ರೀಡರ್ ಆರಿಸಿಕೊಳ್ಳಿ. ಮೊಬೈಲ್, ಕಂಪ್ಯೂಟರ್ ಎರಡರಲ್ಲೂ ಓದುವವರಿಗೆ ಫೀಡ್ಲಿ, ಇನೋರೀಡರ್‌ನಂಥ ಸೇವೆಗಳು ಅನುಕೂಲ. ಹೊಸ ಖಾತೆ ಬೇಡವೆನ್ನುವವರು ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ನಲ್ಲೇ ಫೀಡ್ ಓದಬಹುದು.

ಮುಂದಿನದು ಫೀಡಿನ ವಿಳಾಸ ಹುಡುಕುವುದು. ಹೊಸಬರು ತಡವರಿಸುವುದು ಇಲ್ಲಿಯೇ. ಎಷ್ಟೋ ಸಲ ತಾಣದ ವಿಳಾಸವನ್ನೇ ರೀಡರ್‌ನಲ್ಲಿ ಅಂಟಿಸಿದರೆ ಸಾಕು, ಫೀಡನ್ನು ಅದೇ ಪತ್ತೆ ಹಚ್ಚುತ್ತದೆ. ಸಿಗದಿದ್ದರೆ ಪುಟದ ಅಡಿಭಾಗ ನೋಡಿ: ಕಿತ್ತಳೆ ಚೌಕದ ಮೂಲೆಯಲ್ಲಿ ಒಂದು ಚುಕ್ಕೆ, ಅದರ ಮೇಲೆ ಎರಡು ಕಮಾನು. ಅದೇ ಫೀಡಿನ ಚಿಹ್ನೆ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ, ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಫೀಡ್’ ಎಂದು ಸೇರಿಸಿ, ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಸಂಕೇತಗಳಿಂದ ತುಂಬಿದ ಪುಟ ಕಂಡರೆ ಗಾಬರಿಯಾಗಬೇಡಿ. ಅದು ಮನುಷ್ಯರಿಗಲ್ಲ, ರೀಡರ್‌ಗಾಗಿ ಇರುವ ಕಡತ. ವಿಳಾಸವನ್ನು ನಕಲಿಸಿ ರೀಡರ್‌ಗೆ ಕೊಡಿ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಉಂಟು. ಪಾಡ್‌ಕಾಸ್ಟ್‌ಗಳು ಕೇಳುಗರಿಗೆ ತಲಪುವುದೂ ಆರ್‌ಎಸ್‌ಎಸ್ ಮೂಲಕವೇ. ಫೀಡ್ ಕೊಡದ ತಾಣಗಳೂ ಇವೆ, ಅದು ಬೇಸರದ ಸಂಗತಿ.

ಇನ್ನು ವಿಂಗಡಣೆ. ಗಂಟೆಗೊಮ್ಮೆ ಸುದ್ದಿ ಸುರಿಯುವ ತಾಣವನ್ನೂ ತಿಂಗಳಿಗೊಮ್ಮೆ ಬರೆಯುವ ಲೇಖಕರನ್ನೂ ಒಂದೇ ಫೋಲ್ಡರಿನಲ್ಲಿ ಇಡಬೇಡಿ. ಲೇಖಕರು ಆ ರಾಶಿಯಡಿ ಹೂತುಹೋಗುತ್ತಾರೆ. ನನ್ನ ಮಟ್ಟಿಗೆ ಫೀಡಿನ ನಿಜವಾದ ಸುಖ ಇರುವುದು ಇಂಥ ಅಪರೂಪದ ಬರಹಗಾರರಲ್ಲೇ. ಅವರು ಆರು ತಿಂಗಳ ಬಳಿಕ ಬರೆದರೂ ನಿಮಗೆ ತಪ್ಪುವುದಿಲ್ಲ. ಐದಾರು ಫೀಡ್‌ಗಳಿಂದ ಆರಂಭಿಸಿ. ವಾರಗಟ್ಟಲೆ ಓದದೆ ಬಿಟ್ಟದ್ದನ್ನು ಮುಲಾಜಿಲ್ಲದೆ ತೆಗೆದುಹಾಕಿ.

ಫೀಡ್‌ಗಳ ಪಟ್ಟಿಯ ಒಂದು ಪ್ರತಿ ಮಾತ್ರ ನಿಮ್ಮ ಬಳಿ ಇರಲೇಬೇಕು. ಅಪಾರ ಓದುಗರಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿಹೋಯಿತು. ರೀಡರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದರೆ ಒಪಿಎಂಎಲ್ ಎಂಬ ಪುಟ್ಟ ಕಡತ ಸಿಗುತ್ತದೆ. ನಾಳೆ ಬೇರೆ ರೀಡರ್‌ಗೆ ಹೋಗಬೇಕಾದರೆ ಅಲ್ಲಿ ‘ಇಂಪೋರ್ಟ್’ ಒತ್ತಿ ಅದನ್ನು ಕೊಡಿ; ನಿಮ್ಮ ಫೀಡ್‌ಗಳೆಲ್ಲ ಅಲ್ಲಿಗೆ ಬಂದುಬಿಡುತ್ತವೆ.